ರಿಸಲ್ಟ್ ಬಂದ ದಿನ ಶಾಲೆಗೆ ಬೀಗ: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಸರ್ಕಾರಿ ಪ್ರೌಢಶಾಲೆ ಮಕ್ಕಳಿಗೆ ಸಂಜೆ ಕಲಿಕೆಯ ವ್ಯವಸ್ಥೆ ಮತ್ತು ಕಾಲೇಜು ಸೇರುವ ತನಕ ಮಾರ್ಗದರ್ಶನ ಕೊಡುವ ಬಗ್ಗೆ.

ಮಾನ್ಯರೇ,

ನಾನು ಹೋಬಳಿ ಕೇಂದ್ರವೊಂದರಲ್ಲಿ ಸಣ್ಣ ಸೈಬರ್ ಸೆಂಟರ್ ಇಟ್ಟುಕೊಂಡಿದ್ದೇನೆ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮಷಿನ್, ಒಂದು ಪ್ರಿಂಟರ್. ಪಹಣಿ ತೆಗೆದುಕೊಡುವುದು, ಆಧಾರ್ ಪ್ರಿಂಟ್ ಹಾಕುವುದು, ಕರೆಂಟ್ ಬಿಲ್ ಕಟ್ಟುವುದು, ಇಂಥ ಕೆಲಸ. ನಾನು ಮೇಷ್ಟ್ರಲ್ಲ. ಶಿಕ್ಷಣ ತಜ್ಞನಂತೂ ಅಲ್ಲವೇ ಅಲ್ಲ. ಆದರೆ ಸುತ್ತಲಿನ ಹಳ್ಳಿಗಳ ಸರ್ಕಾರಿ ಹೈಸ್ಕೂಲ್ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸಿ "ಅಣ್ಣಾ, ಮುಂದೆ ಏನು ತಗೊಳ್ಳೋದು?" ಅಂತ ಕೇಳುವುದು ನನ್ನ ಕೌಂಟರಿನಲ್ಲಿ. ವಿದ್ಯಾರ್ಥಿವೇತನದ ಅರ್ಜಿ ಹಾಕುವುದು ಇಲ್ಲೇ. ಸಿಇಟಿ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳ ಪಟ್ಟಿ ಕೊಡುವುದೂ ಇಲ್ಲೇ. ಸಿಕ್ಕಿದ ಸೀಟು ಬೇಕೋ ಬೇಡವೋ ಎಂಬ ನಿರ್ಧಾರವೂ ಎಷ್ಟೋ ಸಲ ಇಲ್ಲೇ, ನನ್ನ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಆಗುತ್ತದೆ.

ಈ ಪತ್ರ ಬರೆಯಲು ಅದೇ ಕಾರಣ. ಒಂದು ಮಗುವಿನ ಮುಂದಿನ ಓದು ತೀರ್ಮಾನವಾಗುವ ಜಾಗ ಜೆರಾಕ್ಸ್ ಅಂಗಡಿ ಆಗಬಾರದು. ಅಪ್ಪ ಅಮ್ಮ ಓದಿದವರಾಗಿದ್ದರೆ ಈ ಮಾತು ಮನೆಯಲ್ಲೇ ಆಗುತ್ತದೆ. ಓದದವರ ಮನೆಯ ಮಗುವಿಗೆ ಶಾಲೆಯೇ ಆ ಮನೆ ಆಗಬೇಕಿತ್ತು. ಶಾಲೆ ಹಾಲ್ ಟಿಕೆಟ್ ಕೊಡುವವರೆಗೆ ಜೊತೆಗಿರುತ್ತದೆ, ಆಮೇಲೆ ನಡುನೀರಲ್ಲಿ ಕೈ ಬಿಡುತ್ತದೆ.

ಸುಮ್ನೆ ಹೇಳುತ್ತಿಲ್ಲ. ಕ್ಯಾಲೆಂಡರ್ ತೆಗೆದು ನೋಡಿ. ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಬಂದಿದ್ದು ಮೇ 8ಕ್ಕೆ. 2024ರಲ್ಲಿ ಮೇ 9ಕ್ಕೆ. 2025ರಲ್ಲಿ ಮೇ 2ಕ್ಕೆ. ಬೇಸಿಗೆ ರಜೆ ಏಪ್ರಿಲ್ ಎರಡನೇ ವಾರ ಶುರುವಾದರೆ ಶಾಲೆ ಮತ್ತೆ ತೆರೆಯುವುದು ಮೇ ಕೊನೆಗೆ. ಅಂದರೆ ರಿಸಲ್ಟ್ ಬಂದ ದಿನ ಶಾಲೆಗೆ ಬೀಗ. ಅತಿಥಿ ಶಿಕ್ಷಕರ ಅವಧಿ ಅಷ್ಟರಲ್ಲಿ ಮುಗಿದಿರುತ್ತದೆ. ಕಾಯಂ ಶಿಕ್ಷಕರು ಅವರವರ ಊರಿಗೆ ಹೋಗಿರುತ್ತಾರೆ. ಹೋಗಬಾರದು ಎನ್ನುವುದಕ್ಕೆ ನಾನು ಯಾರು, ಅವರಿಗೂ ಮನೆ ಮಠ ಇದೆ. ಆದರೆ ಪಿಯು, ಪಾಲಿಟೆಕ್ನಿಕ್, ಐಟಿಐ, ಎಲ್ಲದರ ಓಡಾಟ ಶುರುವಾಗುವುದು ಸರಿಯಾಗಿ ಆ ವಾರಗಳಲ್ಲೇ. ಹತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ಓದಿದ ಮಗುವಿಗೆ ಅತಿ ಜಾಸ್ತಿ ಸಲಹೆ ಬೇಕಾದ ಮೂರು ವಾರ ಸರ್ಕಾರದ ಕಡೆಯಿಂದ ಒಬ್ಬರೂ ಸಿಗುವುದಿಲ್ಲ.

ಖಾಸಗಿ ಪಿಯು ಕಾಲೇಜುಗಳು ರಜೆ ತೆಗೆದುಕೊಳ್ಳುವುದಿಲ್ಲ. ರಿಸಲ್ಟ್ ಬಂದ ಮಧ್ಯಾಹ್ನವೇ ಅವರ ಫೋನ್ ಬರುತ್ತದೆ. ಸಂಜೆ ಹೊತ್ತಿಗೆ ಬ್ರೋಷರ್ ಹಿಡಿದು ಮನೆ ಬಾಗಿಲಿಗೇ ಬಂದಿರುತ್ತಾರೆ. "ಈ ವಾರ ಅಡ್ಮಿಷನ್ ಮಾಡಿಸಿದರೆ ಫೀಸಲ್ಲಿ ಕನ್ಸೆಷನ್" ಎನ್ನುತ್ತಾರೆ. ಮಗುವಿನ ಮಾರ್ಕ್ಸು, ಅಪ್ಪನ ಫೋನ್ ನಂಬರು ಅವರಿಗೆ ಎಲ್ಲಿಂದ ಸಿಕ್ಕಿತು ಎನ್ನುವುದು ಬೇರೆಯದೇ ಕಥೆ. ಅದನ್ನು ತಾವೇ ಒಮ್ಮೆ ವಿಚಾರಿಸಿದರೆ ಒಳ್ಳೆಯದು.

ಹಾಗಂತ ಶಾಲೆಗಳಲ್ಲಿ ಹೆಚ್ಚುವರಿ ತರಗತಿ ಇಲ್ಲ ಎಂದಲ್ಲ. ಇದೆ. ಹತ್ತನೇ ತರಗತಿಯವರಿಗೆ ಬೆಳಿಗ್ಗೆ ಬೇಗ ಬನ್ನಿ, ಸಂಜೆ ತಡವಾಗಿ ಹೋಗಿ ಎಂಬ ವಿಶೇಷ ತರಗತಿ ಇದೆ. ಗುಂಪು ಅಧ್ಯಯನ ಇದೆ. ಒಬ್ಬೊಬ್ಬ ಶಿಕ್ಷಕರು ಇಷ್ಟಿಷ್ಟು ಮಕ್ಕಳನ್ನು ದತ್ತು ತೆಗೆದುಕೊಳ್ಳುವ ಪದ್ಧತಿ ಇದೆ. ಎಲ್ಲಕ್ಕಿಂತ ಹೆಚ್ಚಾಗಿ ಪಾಸಿಂಗ್ ಪ್ಯಾಕೇಜ್ ಇದೆ. ಅದರ ಜೆರಾಕ್ಸ್ ತೆಗೆದುಕೊಡುವವನು ನಾನೇ ಆದ್ದರಿಂದ ಅದರಲ್ಲಿ ಏನಿರುತ್ತದೆ ಎಂದು ಚೆನ್ನಾಗಿ ಗೊತ್ತು. ವಿಜ್ಞಾನದಲ್ಲಿ ಬಿಡಿಸಬೇಕಾದ ಚಿತ್ರಗಳು, ಗಣಿತದಲ್ಲಿ ಒಂದಿಷ್ಟು ಪ್ರಮೇಯ ಮತ್ತು ನಕ್ಷೆ, ಸಮಾಜದಲ್ಲಿ ಪದೇ ಪದೇ ಬರುವ ಪ್ರಶ್ನೆಗಳು. ಇಷ್ಟು ಬಾಯಿಪಾಠ ಮಾಡಿದರೆ ಪಾಸು. ಫೇಲ್ ಆಗುವ ಮಗುವನ್ನು ದಡ ಸೇರಿಸಲು ಅದು ಬೇಕು, ಬೇಡ ಎನ್ನಲಾರೆ. ಆದರೆ ಎಂಬತ್ತು ಪರ್ಸೆಂಟ್ ತೆಗೆಯಬಲ್ಲ ಮಗುವಿನ ಕೈಗೂ ಅದೇ ಹಾಳೆ ಕೊಟ್ಟರೆ? ಆ ಮಗು ಮುಂದೆ ಪಿಯುಸಿಯಲ್ಲಿ ಏನು ಮಾಡಬೇಕು?

ಮೇಲಿಂದ ಒತ್ತಡ ಬರುವುದೇ ಪರ್ಸೆಂಟೇಜ್ ಮೇಲೆ. ಜಿಲ್ಲೆಗೆ ಎಷ್ಟನೇ ಸ್ಥಾನ, ತಾಲ್ಲೂಕಿಗೆ ಎಷ್ಟನೇ ಸ್ಥಾನ, ಅಷ್ಟೇ ಮಾತು. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ನೇರ ನಿಗಾ ಬಂದಾಗ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. 2025ರ ಪರೀಕ್ಷೆ-1ರಲ್ಲಿ ಕೃಪಾಂಕ ಹೋಯಿತು, ಫಲಿತಾಂಶ ಶೇ 66.14ಕ್ಕೆ ಬಂತು. ಆಮೇಲೆ ಪಾಸಾಗುವ ಅಂಕವನ್ನೇ ಶೇ 35ರಿಂದ 33ಕ್ಕೆ ಇಳಿಸುವ ತೀರ್ಮಾನ ಆಯಿತು. ನಕಲು ತಡೆದದ್ದು ಒಳ್ಳೆಯ ಕೆಲಸ, ಅದಕ್ಕೆ ನನ್ನ ಮೆಚ್ಚುಗೆ ಇದೆ. ವರ್ಷಕ್ಕೆ ಮೂರು ಪರೀಕ್ಷೆ ಮಾಡಿ ಮಕ್ಕಳಿಗೆ ಮತ್ತೊಂದು ಅವಕಾಶ ಕೊಟ್ಟದ್ದೂ ಒಳ್ಳೆಯದೇ. ಆದರೆ ಈ ಮೂರು ವರ್ಷ ಎಲ್ಲ ಚರ್ಚೆಯೂ ಎಷ್ಟು ಜನ ಪಾಸು ಎಂಬುದರ ಸುತ್ತಲೇ ತಿರುಗಿತು. ಪಾಸಾದವರಲ್ಲಿ ಎಷ್ಟು ಜನ ಮುಂದೆ ಸೇರಿದರು, ಸೇರಿದವರಲ್ಲಿ ಎಷ್ಟು ಜನ ಮೊದಲ ವರ್ಷ ಮುಗಿಸಿದರು ಎಂದು ಯಾವ ಪತ್ರಿಕಾಗೋಷ್ಠಿಯಲ್ಲೂ ನಾನು ಕೇಳಲಿಲ್ಲ. ಯಾವ ಶಾಲೆಯ ಮುಖ್ಯ ಶಿಕ್ಷಕರನ್ನೂ ಯಾರೂ ಆ ಪ್ರಶ್ನೆ ಕೇಳಿದ್ದು ನನಗೆ ಕಾಣಲಿಲ್ಲ.

ವಿಶೇಷ ತರಗತಿಗೆ ಇನ್ನೊಂದು ತೊಡಕಿದೆ, ಬಸ್ಸು. ನಮ್ಮ ಕಡೆ ಒಂದು ಹಳ್ಳಿಗೆ ಸಂಜೆಯ ಕೊನೆಯ ಬಸ್ಸು ಹೊರಡುವುದು ವಿಶೇಷ ತರಗತಿ ಬಿಡುವುದಕ್ಕೆ ಮುಂಚೆ. ಆ ಊರಿನ ಹೆಣ್ಣುಮಕ್ಕಳು ತರಗತಿ ಅರ್ಧಕ್ಕೆ ಬಿಟ್ಟು, ಬ್ಯಾಗ್ ಹೆಗಲಿಗೇರಿಸಿಕೊಂಡು ಸ್ಟ್ಯಾಂಡಿಗೆ ಓಡುತ್ತಾರೆ. ನನ್ನ ಅಂಗಡಿ ಮುಂದೆಯೇ ಓಡುತ್ತಾರೆ. ಶಕ್ತಿ ಯೋಜನೆಯಿಂದ ಅವರಿಗೆ ಟಿಕೆಟ್ ಇಲ್ಲ, ನಿಜ. ಟಿಕೆಟ್ ಉಚಿತ ಮಾಡಿ ಬಸ್ಸನ್ನೇ ಕೊಡದಿದ್ದರೆ ಏನು ಪ್ರಯೋಜನ, ಅಲ್ವಾ? ಒಂದೇ ಒಂದು ಬಸ್ಸಿನ ಸಮಯ ಮುಕ್ಕಾಲು ಗಂಟೆ ಮುಂದೆ ಹಾಕಲು ಶಾಲೆಯವರು ಅರ್ಜಿ ಕೊಟ್ಟಿದ್ದಾರೆ, ಶಾಲೆಯ ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯವರೂ ಕೊಟ್ಟಿದ್ದಾರೆ. ಎರಡು ಇಲಾಖೆ ಮಾತಾಡಿಕೊಂಡರೆ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ ಅದು.

ಮನೆಗೆ ಹೋದ ಮೇಲೆ ಓದು ಹೇಗೆ ನಡೆಯುತ್ತದೆ ಎಂದು ವಿವರಿಸುವ ಅಗತ್ಯ ಇಲ್ಲ. ಒಂದೇ ಕೋಣೆ, ಅದರಲ್ಲೇ ಟೀವಿ, ಅದರಲ್ಲೇ ಒಲೆ. ಹೆಣ್ಣುಮಗುವಾದರೆ ನೀರು, ಪಾತ್ರೆ, ತಮ್ಮನನ್ನು ನೋಡಿಕೊಳ್ಳುವುದು. ಆದರೆ ಹೆಚ್ಚುಕಡಿಮೆ ಪ್ರತಿ ಗ್ರಾಮ ಪಂಚಾಯತಿಗೂ ಈಗ ಗ್ರಂಥಾಲಯ ಇದೆ, ಅರಿವು ಕೇಂದ್ರ ಎಂಬ ಹೆಸರಿನಲ್ಲಿ. 2019ರಲ್ಲಿ ಇವನ್ನು ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟ ಮೇಲೆ ಅನೇಕ ಕಡೆ ಕಟ್ಟಡ ಸುಧಾರಿಸಿದೆ, ಕಂಪ್ಯೂಟರ್ ಬಂದಿದೆ. 2020ರಲ್ಲಿ ಓದುವ ಬೆಳಕು ಎಂಬ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಮಾಡಿದವರಿಗೆ ನಿಜಕ್ಕೂ ಕೈ ಮುಗಿಯಬೇಕು. ಟೇಬಲ್ ಇದೆ, ಲೈಟ್ ಇದೆ, ಫ್ಯಾನ್ ಇದೆ. ಮಕ್ಕಳು ಊರಿಗೆ ಬಂದು, ಮುಖ ತೊಳೆದು, ಓದಲು ಹೊರಡುವ ಹೊತ್ತಿಗೆ ನಮ್ಮ ಕಡೆಯದಕ್ಕೆ ಬೀಗ ಬಿದ್ದಿರುತ್ತದೆ. ಅದು ಪಂಚಾಯತಿಯದು, ಶಾಲೆ ತಮ್ಮ ಇಲಾಖೆಯದು. ಮಗು ಮಾತ್ರ ಇಬ್ಬರದೂ.

ಸಂಜೆ ಆರೂವರೆಯಿಂದ ಎಂಟೂವರೆಯವರೆಗೆ ಅದೇ ಅರಿವು ಕೇಂದ್ರದ ಬಾಗಿಲು ತೆಗೆದು, ಊರಿನ ಒಬ್ಬ ಪದವೀಧರೆಯನ್ನೋ ಪದವೀಧರನನ್ನೋ ಕೂರಿಸಿದರೆ ಎಷ್ಟು ಖರ್ಚಾಗುತ್ತದೆ? ತಮಿಳುನಾಡು ಲೆಕ್ಕ ಹಾಕಿ ತೋರಿಸಿದೆ. ಕೊರೊನಾದಲ್ಲಿ ಶಾಲೆ ಮುಚ್ಚಿದ್ದರಿಂದ ಆದ ಕಲಿಕೆಯ ನಷ್ಟ ತುಂಬಲು 2021ರ ಅಕ್ಟೋಬರ್‌ನಲ್ಲಿ ಅವರು ಇಲ್ಲಂ ತೇಡಿ ಕಲ್ವಿ ಶುರು ಮಾಡಿದರು. ಊರಿನವರೇ ಆದ ಸ್ವಯಂಸೇವಕರು, ಹೆಚ್ಚಿನವರು ಹೆಂಗಸರು, ಸಂಜೆ ಹೊತ್ತು ಮನೆಯ ಹತ್ತಿರವೇ ಒಂದರಿಂದ ಎಂಟನೇ ತರಗತಿ ಮಕ್ಕಳನ್ನು ಕೂರಿಸಿಕೊಂಡು ಕಲಿಸಿದರು. ಅವರಿಗೆ ಕೊಟ್ಟದ್ದು ತಿಂಗಳಿಗೆ 1,000 ರೂಪಾಯಿ. ಹೋದ ಕಲಿಕೆ ಮರಳಿ ಬರಲು ಇದು ನೆರವಾಯಿತು ಎಂದು ಅದನ್ನು ಅಧ್ಯಯನ ಮಾಡಿದ ಸಂಶೋಧಕರೂ ಹೇಳಿದ್ದಾರೆ. ಸಾವಿರ ರೂಪಾಯಿ ಕಡಿಮೆ ಎನ್ನುವುದು ನನ್ನ ಅಭಿಪ್ರಾಯ. ನಾವು ಮಾಡುವಾಗ ಮರ್ಯಾದೆಯ ಸಂಬಳ ಕೊಡೋಣ.

ಈಗ ಹಣದ ವಿಷಯಕ್ಕೆ ಬರುತ್ತೇನೆ. ಇದು ನಾನು ದಿನಾ ನೋಡುವುದು.

ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆ ಇದೆ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ. ಮನೆಯ ಆದಾಯ ವರ್ಷಕ್ಕೆ ಮೂರೂವರೆ ಲಕ್ಷದ ಒಳಗಿರಬೇಕು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000. ಕೂಲಿ ಮಾಡುವ ಮನೆಗೆ ಇದು ಚಿಕ್ಕ ದುಡ್ಡಲ್ಲ. ಮಗಳನ್ನು ಪಿಯುಸಿಗೆ ಕಳಿಸಬೇಕೋ ಗಾರ್ಮೆಂಟ್ಸಿಗೆ ಕಳಿಸಬೇಕೋ ಎಂಬ ಮಾತು ಬಂದಾಗ ಈ ದುಡ್ಡೇ ತಕ್ಕಡಿಯನ್ನು ವಾಲಿಸುತ್ತದೆ. ಪರೀಕ್ಷೆಯಲ್ಲಿ ಎರಡು ಪತ್ರಿಕೆ. ಒಂದು ಪಾಠದ್ದು, ಇನ್ನೊಂದು ಬೌದ್ಧಿಕ ಸಾಮರ್ಥ್ಯದ್ದು, ಅಂದರೆ ಸಂಖ್ಯಾ ಸರಣಿ, ಚಿತ್ರದ ಸಂಬಂಧ, ಸಂಕೇತ, ಇಂಥವು. ಈ ಎರಡನೆಯದನ್ನು ಯಾವ ಪಠ್ಯಪುಸ್ತಕದಲ್ಲೂ ಕಲಿಸುವುದಿಲ್ಲ. ಒಬ್ಬರು ಆಸಕ್ತ ಶಿಕ್ಷಕರಿರುವ ಶಾಲೆಯಲ್ಲಿ ಪ್ರತಿ ವರ್ಷ ನಾಲ್ಕೈದು ಮಕ್ಕಳು ಆಯ್ಕೆಯಾಗುತ್ತಾರೆ. ಪಕ್ಕದ ಶಾಲೆಯಲ್ಲಿ ಸೊನ್ನೆ. ಆ ಶಿಕ್ಷಕರಿಗೆ ವರ್ಗವಾದರೆ ಮೊದಲ ಶಾಲೆಯಲ್ಲೂ ಸೊನ್ನೆ. ಒಬ್ಬರ ಒಳ್ಳೆಯತನದ ಮೇಲೆ ನಿಂತದ್ದು ವ್ಯವಸ್ಥೆ ಆಗುವುದಿಲ್ಲ, ಸ್ವಾಮಿ.

ವಿದ್ಯಾರ್ಥಿವೇತನದ ಪೋರ್ಟಲ್, ಅಂದರೆ ಎಸ್‌ಎಸ್‌ಪಿ, ಇದರ ಬಗ್ಗೆ ಒಂದು ನಿದರ್ಶನ ಕೊಡುತ್ತೇನೆ. ಪಿಯುಸಿ ಓದುವ ಒಬ್ಬ ಹುಡುಗಿ ಬಂದಳು. ಅರ್ಜಿ ಮಂಜೂರಾಗಿದೆ, ದುಡ್ಡು ಬಿಡುಗಡೆಯಾಗಿದೆ ಎಂದು ಪೋರ್ಟಲ್ ಹೇಳುತ್ತದೆ. ಅವಳ ಪಾಸ್‌ಬುಕ್ಕಿನಲ್ಲಿ ಇಲ್ಲ. ಕಾಲೇಜಿಗೆ ಹೋದರೆ ಬ್ಯಾಂಕಿಗೆ ಹೋಗು ಎಂದರು. ಬ್ಯಾಂಕಿನಲ್ಲಿ ನಮಗೆ ಬಂದಿಲ್ಲ, ಇಲಾಖೆಯಲ್ಲಿ ಕೇಳು ಎಂದರು. ಇಲಾಖೆಯವರು ಮತ್ತೆ ಕಾಲೇಜಿಗೇ ಕಳಿಸಿದರು. ಕೊನೆಗೆ ನೋಡಿದರೆ, ಯಾವುದೋ ಸಿಮ್ ತಗೊಂಡಾಗ ಅಂಗಡಿಯವನು ಬೆರಳು ಒತ್ತಿಸಿಕೊಂಡು ಒಂದು ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದುಬಿಟ್ಟಿದ್ದ. ಆಧಾರ್ ಅದಕ್ಕೆ ಜೋಡಣೆಯಾಗಿತ್ತು. ನೇರ ವರ್ಗಾವಣೆಯ ದುಡ್ಡು ಹೋಗುವುದು ಕೊನೆಯ ಸಲ ಯಾವ ಖಾತೆಗೆ ಆಧಾರ್ ಮ್ಯಾಪ್ ಆಗಿದೆಯೋ ಅದಕ್ಕೆ. ಅರ್ಜಿಯಲ್ಲಿ ಯಾವ ಪಾಸ್‌ಬುಕ್ ಜೆರಾಕ್ಸ್ ಇಟ್ಟರೂ ಅಷ್ಟೆ. ದುಡ್ಡು ಇತ್ತು, ಸಿಕ್ಕಿತು. ಆದರೆ ಅಷ್ಟು ಹೊತ್ತಿಗೆ ಅವಳ ಅಪ್ಪ ಕಾಲೇಜಿನ ಫೀಸಿಗೆ ಬಡ್ಡಿಗೆ ದುಡ್ಡು ತಂದಾಗಿತ್ತು. ಇದನ್ನು ಹೇಳಿಕೊಡಲು ಎಷ್ಟು ಹೊತ್ತು ಬೇಕು? ಒಂದು ಪೀರಿಯಡ್ಡೂ ಬೇಡ.

ಆಧಾರಿನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು. ಅಪ್ಪನ ಇನಿಷಿಯಲ್ ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು ಹಳೆಯದು, ಅವಧಿ ಮುಗಿದಿದೆ. ಇವೆಲ್ಲ ಮೇ, ಜೂನಿನಲ್ಲಿ ಬಯಲಾಗುತ್ತವೆ, ಆಗ ನಾಡಕಚೇರಿ ಮುಂದೆ ಜಾತ್ರೆ. ಒಂಬತ್ತನೇ ತರಗತಿಯಲ್ಲೇ ಒಂದು ಶನಿವಾರ ಕೂರಿಸಿ ಪ್ರತಿ ಮಗುವಿನ ಕಾಗದಪತ್ರ ಪರಿಶೀಲಿಸಿದರೆ ತಿದ್ದಿಸಲು ಒಂದು ವರ್ಷ ಸಿಗುತ್ತದೆ. ಇಷ್ಟು ಸಣ್ಣ ಕೆಲಸ ಯಾರ ಜಾಬ್ ಚಾರ್ಟಿನಲ್ಲೂ ಇಲ್ಲ.

ಇದಕ್ಕಿಂತ ದುಬಾರಿಯಾಗುವುದು ದಾರಿಯೇ ಗೊತ್ತಿಲ್ಲದಿರುವುದು. ನಮ್ಮ ಮಕ್ಕಳಿಗೆ ಹತ್ತನೇ ತರಗತಿ ಆದ ಮೇಲೆ ಸೈನ್ಸ್, ಕಾಮರ್ಸ್, ಆರ್ಟ್ಸ್ ಎಂಬ ಮೂರೇ ಬಾಗಿಲು ಕಾಣುತ್ತವೆ. ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷ, ಆಮೇಲೆ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಸೇರಬಹುದು ಎಂದರೆ ಕಣ್ಣರಳಿಸಿ ನೋಡುತ್ತಾರೆ. ಐಟಿಐ ಮುಗಿಸಿದವರು ಡಿಪ್ಲೊಮಾ ಎರಡನೇ ವರ್ಷಕ್ಕೆ ಹೋಗಬಹುದು ಎಂದರೆ ಐಟಿಐ ಮಾಡಿದವರೇ ನಂಬುವುದಿಲ್ಲ. ಕೃಷಿ ಪದವಿಗೆ ರೈತರ ಮಕ್ಕಳ ಕೋಟಾ ಇದೆ, ಅದಕ್ಕೆ ಬೇರೆ ಪ್ರಾಯೋಗಿಕ ಪರೀಕ್ಷೆ ಇದೆ. ಇದು ಗೊತ್ತಾಗುವುದು ಪರೀಕ್ಷೆ ಮುಗಿದ ಮೇಲೆ. ಗೊತ್ತಿಲ್ಲದವರು ನಿಜವಾದ ರೈತರ ಮಕ್ಕಳೇ ಎನ್ನುವುದು ಬೇಸರದ ತಮಾಷೆ.

ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5. ಒಂದರಿಂದ ಹತ್ತರವರೆಗೆ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದ ಮಗುವಿಗೆ ಇದು ಹಕ್ಕು. ಇದಲ್ಲದೆ ಆದಾಯ ಎಂಟು ಲಕ್ಷದ ಒಳಗಿದ್ದರೆ ಎಂಜಿನಿಯರಿಂಗ್‌ನಲ್ಲಿ ಬೋಧನಾ ಶುಲ್ಕ ಇಲ್ಲದ ಎಸ್‌ಎನ್‌ಕ್ಯೂ ಸೀಟುಗಳಿವೆ, ಪ್ರತಿ ಕೋರ್ಸಿನಲ್ಲೂ ಶೇ 5 ಹೆಚ್ಚುವರಿಯಾಗಿ. ಕೇಳಿದವರೆಷ್ಟು ಜನ? ಸೀಟು ಹಂಚಿಕೆಯಾದ ಮೇಲೆ ನಾಲ್ಕು ಚಾಯ್ಸ್ ಬರುತ್ತದೆ. ಒಂದನೆಯದು ಒಪ್ಪಿಗೆ, ಸೇರುತ್ತೇನೆ. ಎರಡನೆಯದು ಇದಿರಲಿ, ಇನ್ನೂ ಒಳ್ಳೆಯದು ಸಿಕ್ಕರೆ ಕೊಡಿ. ಮೂರನೆಯದು ಇದು ಬೇಡ, ಮುಂದಿನ ಸುತ್ತಿನಲ್ಲಿ ನೋಡುತ್ತೇನೆ. ನಾಲ್ಕನೆಯದು ಪೂರ್ತಿ ಹೊರಗೆ. ಒಬ್ಬ ಹುಡುಗ ಮೊಬೈಲಿನಲ್ಲಿ ತಾನೇ ನಾಲ್ಕನೆಯದನ್ನು ಒತ್ತಿ ಬಂದಿದ್ದ. ದೂರದ ಕಾಲೇಜು ಬೇಡ, ಹತ್ತಿರದ್ದು ಕೊಡುತ್ತಾರೆ ಅಂದುಕೊಂಡಿದ್ದನಂತೆ. ಸರ್ಕಾರಿ ಶಾಲೆಯಲ್ಲೇ ಓದಿ ರ‍್ಯಾಂಕ್ ಪಡೆದ ಹುಡುಗ. ಪಟ್ಟಣದಲ್ಲಿ ಇದನ್ನೆಲ್ಲ ಹೇಳಿಕೊಡಲು ಕೋಚಿಂಗ್ ಸೆಂಟರಿನವರು ಸೆಮಿನಾರ್ ಮಾಡುತ್ತಾರೆ. ಇವನಿಗೆ ಯಾರೂ ಇರಲಿಲ್ಲ. ಸರ್ಕಾರಿ ಪಿಯು ಕಾಲೇಜಿನ ಮಕ್ಕಳಿಗೆ ಉಚಿತವಾಗಿ ಆನ್‌ಲೈನ್ ಸಿಇಟಿ, ನೀಟ್ ತರಬೇತಿ ಕೊಡುವ ಪ್ರಯತ್ನ ಆಗಿದೆ, ಸಂತೋಷ. ಆದರೆ ಅದು ರ‍್ಯಾಂಕ್ ಬರುವ ತನಕದ್ದು. ರ‍್ಯಾಂಕ್ ಬಂದ ಮೇಲಿನ ತಿಂಗಳು ಯಾರದು?

ಇನ್ನೂ ಒಂದು. ಅಜೀಂ ಪ್ರೇಮ್‌ಜಿ ಫೌಂಡೇಷನ್‌ನವರು ಹತ್ತು ಮತ್ತು ಹನ್ನೆರಡನೇ ತರಗತಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಓದಿದ ಹೆಣ್ಣುಮಕ್ಕಳಿಗೆ ಪದವಿಗೋ ಡಿಪ್ಲೊಮಾಗೋ ಸೇರಿದರೆ ವರ್ಷಕ್ಕೆ 30,000 ರೂಪಾಯಿ ಕೊಡುತ್ತಾರೆ. ಎರಡನ್ನೂ ಎಂಬ ಮಾತು ಮುಖ್ಯ. ಮೇ ತಿಂಗಳಲ್ಲಿ ಬ್ರೋಷರ್ ನಂಬಿ, ಸಾಲ ಮಾಡಿ ಖಾಸಗಿ ಪಿಯುಗೆ ಸೇರಿಸಿದ ಮನೆಗಳಿಗೆ ಎರಡು ವರ್ಷ ಬಿಟ್ಟು ಈ ಸುದ್ದಿ ತಿಳಿಯುತ್ತದೆ. ಆ ಮೇ ತಿಂಗಳಲ್ಲಿ ಒಬ್ಬ ಮೇಷ್ಟ್ರು ಸಿಕ್ಕಿದ್ದರೆ ಸಾಲವೂ ಉಳಿಯುತ್ತಿತ್ತು, ದುಡ್ಡೂ ಬರುತ್ತಿತ್ತು, ಪಕ್ಕದ ಸರ್ಕಾರಿ ಪಿಯು ಕಾಲೇಜೂ ತುಂಬುತ್ತಿತ್ತು.

ಸೇರಿದ ಮೇಲಿನ ಕಷ್ಟ ಬೇರೆ. ಹತ್ತು ವರ್ಷ ಕನ್ನಡದಲ್ಲಿ ಓದಿ ಸೈನ್ಸ್ ತಗೊಂಡ ಮಕ್ಕಳು ಜೂನ್, ಜುಲೈನಲ್ಲೇ ಮಂಕಾಗುತ್ತಾರೆ. ಪಾಠ ಇಂಗ್ಲಿಷಿನಲ್ಲಿ, ನೋಟ್ಸ್ ಇಂಗ್ಲಿಷಿನಲ್ಲಿ, ಪಕ್ಕದಲ್ಲಿ ಕೂತವರು ಫಟಾಫಟ್ ಉತ್ತರ ಹೇಳುವವರು. ದಸರಾ ಹೊತ್ತಿಗೆ ಟಿಸಿ ತಗೊಂಡು ಆರ್ಟ್ಸಿಗೆ ಹೋಗುತ್ತಾರೆ, ಇಲ್ಲ ಕೆಲಸಕ್ಕೆ. ಆರ್ಟ್ಸ್ ಕೀಳು ಎಂದು ನಾನು ಹೇಳುವುದಿಲ್ಲ. ಆದರೆ ಇಷ್ಟಪಟ್ಟು ಹೋಗುವುದು ಬೇರೆ, ಓಡಿಹೋಗುವುದು ಬೇರೆ. ಮೊದಲ ಎರಡು ತಿಂಗಳು ಸಂಜೆ ಕೂರಿಸಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಪಾಠ ಜೋಡಿಸಿಕೊಟ್ಟರೆ ಅರ್ಧ ಜನ ಉಳಿದುಕೊಳ್ಳುತ್ತಾರೆ ಎಂಬುದು ನಾನು ಮಾತಾಡಿಸಿದ ಉಪನ್ಯಾಸಕರ ಅನುಭವದ ಮಾತು.

"ಇದೆಲ್ಲ ಶಿಕ್ಷಕರೇ ಮಾಡಬೇಕು" ಎಂದು ಒಂದು ಸುತ್ತೋಲೆ ಹೊರಡಿಸಿಬಿಡುತ್ತೀರೇನೋ ಎಂಬ ಭಯ ನನಗಿದೆ. ದಯವಿಟ್ಟು ಬೇಡ. ಮೊಟ್ಟೆ ಲೆಕ್ಕ ಅವರದು, ಹಾಜರಾತಿ ಆ್ಯಪ್ ಅವರದು, ಚುನಾವಣೆ ಅವರದು. 2025ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ದಸರಾ ರಜೆಯಲ್ಲಿ ಮನೆ ಮನೆ ತಿರುಗಿದವರೂ ಅವರೇ. ಅದರ ಮೇಲೆ ಇದನ್ನೂ ಹೊರಿಸಿದರೆ ಒಂದು ರಿಜಿಸ್ಟರ್ ಹುಟ್ಟುತ್ತದೆ, ಕೆಲಸ ಹುಟ್ಟುವುದಿಲ್ಲ. ಇದಕ್ಕೆಂದೇ ಒಬ್ಬರು ಬೇಕು.

ಬೇರೆ ಕಡೆ ಮಾಡಿದ್ದಾರೆ. ಅಮೆರಿಕದಲ್ಲಿ ಬಡವರ ಮನೆಯ, ಕಾಲೇಜಿನ ಮೆಟ್ಟಿಲು ಹತ್ತದ ತಂದೆ ತಾಯಿಯ ಮಕ್ಕಳಿಗಾಗಿ 1965ರಲ್ಲೇ ಅಪ್‌ವರ್ಡ್ ಬೌಂಡ್ ಎಂಬ ಕಾರ್ಯಕ್ರಮ ಶುರುವಾಯಿತು. ಹೈಸ್ಕೂಲ್ ಮಕ್ಕಳಿಗೆ ಹೆಚ್ಚುವರಿ ಪಾಠ, ಬೇಸಿಗೆಯಲ್ಲಿ ತರಗತಿ, ಕಾಲೇಜು ಅರ್ಜಿ ಮತ್ತು ನೆರವಿನ ಹಣಕ್ಕೆ ಸಹಾಯ. 1998ರಲ್ಲಿ ಗೇರ್ ಅಪ್ ಬಂತು. ಅದರ ಒಂದು ನಿಯಮ ನನಗೆ ತುಂಬ ಹಿಡಿಸಿತು. ಏಳನೇ ತರಗತಿಯ ಒಳಗೇ ಒಂದು ಬ್ಯಾಚನ್ನು ಹಿಡಿದುಕೊಳ್ಳಬೇಕು, ಅದೇ ಬ್ಯಾಚನ್ನು ಹೈಸ್ಕೂಲ್ ಮುಗಿಯುವವರೆಗೆ ಬಿಡಬಾರದು. ಕೆಲವು ಕಡೆ ಕಾಲೇಜಿನ ಮೊದಲ ವರ್ಷದವರೆಗೂ ಬೆನ್ನಿಗಿರುತ್ತಾರೆ. ಅಷ್ಟು ದೂರ ಹೋಗುವುದೇ ಬೇಡ ಎಂದರೆ ಮತ್ತೆ ತಮಿಳುನಾಡನ್ನೇ ನೋಡಿ. 2022ರಲ್ಲಿ ಶುರುವಾದ ನಾನ್ ಮುದಲ್ವನ್ ಯೋಜನೆಯಡಿ ಸರ್ಕಾರಿ ಶಾಲೆ ಮಕ್ಕಳಿಗೆ ಮುಂದಿನ ಓದಿನ ಬಗ್ಗೆ ಮಾರ್ಗದರ್ಶನ ಕೊಡುತ್ತಾರೆ. ಹನ್ನೆರಡನೇ ತರಗತಿ ಮುಗಿಸಿಯೂ ಕಾಲೇಜಿಗೆ ಸೇರದವರನ್ನು ಪಟ್ಟಿ ಮಾಡಿ, ಕರೆಸಿ, ಅದಕ್ಕೆಂದೇ ಶಿಬಿರ ಮಾಡುತ್ತಾರೆ. ಯಾಕೆ ಸೇರಲಿಲ್ಲ ಎಂದು ಕೇಳುತ್ತಾರೆ. ಸರ್ಕಾರ ಒಂದು ಮಗುವನ್ನು ಹುಡುಕಿಕೊಂಡು ಹೋಗಿ ಈ ಪ್ರಶ್ನೆ ಕೇಳುತ್ತದೆ ಎಂಬುದೇ ನನಗೆ ದೊಡ್ಡ ವಿಷಯ. ಅಲ್ಲಿ ಸರ್ಕಾರಿ ಶಾಲೆ ಮಕ್ಕಳಿಗೆ ವೈದ್ಯಕೀಯ ಸೀಟಿನಲ್ಲಿ 2020ರಿಂದ ಶೇ 7.5 ಒಳಮೀಸಲಾತಿಯೂ ಇದೆ. ಅದರ ಸರಿ ತಪ್ಪು ಬಲ್ಲವರು ಚರ್ಚಿಸಲಿ. ನಾನು ಕೇಳುತ್ತಿರುವುದು ಅದಕ್ಕಿಂತ ತೀರಾ ಸಣ್ಣದು.

ಹೋಬಳಿಗೊಬ್ಬರು ಮಾರ್ಗದರ್ಶಕರನ್ನು ನೇಮಿಸಿ. ಪದವೀಧರರಾಗಿರಲಿ, ಆ ಭಾಗದವರೇ ಆಗಿರಲಿ, ಆದಷ್ಟೂ ತಮ್ಮ ಮನೆಯಲ್ಲಿ ಮೊದಲು ಕಾಲೇಜು ಕಂಡವರಾಗಿರಲಿ. ಎಂಟನೇ ತರಗತಿಯ ಎನ್‌ಎಂಎಂಎಸ್‌ನಿಂದ ಹಿಡಿದು ಪಿಯುಸಿ ಆದ ಮೇಲಿನ ಮೊದಲ ವರ್ಷದವರೆಗೆ ಆ ಹೋಬಳಿಯ ಮಕ್ಕಳ ಪಟ್ಟಿ ಅವರ ಕೈಯಲ್ಲಿರಲಿ. ಪ್ರತಿ ಮಗುವಿಗೂ ಎಸ್‌ಎಟಿಎಸ್ ಸಂಖ್ಯೆ, ಅಂದರೆ ಇಲಾಖೆಯ ಕಂಪ್ಯೂಟರಿನಲ್ಲಿ ಆ ಮಗುವಿನ ಗುರುತಿನ ಸಂಖ್ಯೆ, ಈಗಾಗಲೇ ಇದೆ, ಹೊಸ ತಂತ್ರಾಂಶ ಏನೂ ಬೇಡ. ಅವರ ರಜೆ ಏಪ್ರಿಲ್, ಮೇನಲ್ಲಿ ಬೇಡ, ಅಕ್ಟೋಬರ್‌ನಲ್ಲಿರಲಿ. ಅವರ ಕೆಲಸ ಅಳೆಯುವುದಾದರೆ ಪಾಸಾದವರ ಲೆಕ್ಕದಿಂದ ಬೇಡ, ಸೇರಿ ಉಳಿದುಕೊಂಡವರ ಲೆಕ್ಕದಿಂದ ಅಳೆಯಿರಿ. ಸಂಜೆ ಅರಿವು ಕೇಂದ್ರ ತೆರೆದಿಡಲು ಪಂಚಾಯತ್ ರಾಜ್ ಸಚಿವರೊಂದಿಗೆ, ಬಸ್ಸಿಗೆ ಸಾರಿಗೆ ಸಚಿವರೊಂದಿಗೆ ಮಾತಾಡಿ. ಮೂವರೂ ಒಂದೇ ಸಂಪುಟದಲ್ಲಿ ಕೂರುವವರು.

ಇಷ್ಟಕ್ಕೆ ಬಜೆಟ್ ಬೇಕು, ಸಮಯ ಬೇಕು ಎಂಬುದು ಗೊತ್ತು. ಆದ್ದರಿಂದ ಈ ವರ್ಷಕ್ಕೆ ಕಾಸಿಲ್ಲದೆ ಆಗುವ ಒಂದು ಕೆಲಸ ಕೇಳುತ್ತೇನೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನದಿಂದ ಹತ್ತು ದಿನ, ಪ್ರತಿ ಹೋಬಳಿಯಲ್ಲಿ ಒಂದು ಪ್ರೌಢಶಾಲೆಯ ಬಾಗಿಲು ತೆರೆದಿರಲಿ. ಒಬ್ಬ ಶಿಕ್ಷಕರು, ಒಬ್ಬ ಪಿಯು ಉಪನ್ಯಾಸಕರು, ಪಾಲಿಟೆಕ್ನಿಕ್‌ನಿಂದ ಒಬ್ಬರು ಸರದಿಯಂತೆ ಕೂರಲಿ. ರಜೆಯಲ್ಲಿ ದುಡಿದವರಿಗೆ ಗಳಿಕೆ ರಜೆ ಕೊಡುವ ನಿಯಮ ಹೇಗೂ ಇದೆ. ಎಲ್ಲಿ ಕೂರುತ್ತಾರೆ, ಎಷ್ಟು ಹೊತ್ತಿಗೆ ಎಂಬುದನ್ನು ಹಾಲ್ ಟಿಕೆಟ್ ಹಿಂಭಾಗದಲ್ಲೇ ಅಚ್ಚು ಹಾಕಿಸಿ. ಮಾರ್ಚ್ ಪರೀಕ್ಷೆಗೆ ಮುಂಚೆ ಸುತ್ತೋಲೆ ಹೊರಟರೆ ಸಾಕು.

ಆ ಹತ್ತು ದಿನ ಅರ್ಜಿ ತುಂಬಿಕೊಡಲು ನಾನು ಬರುತ್ತೇನೆ. ಲ್ಯಾಪ್‌ಟಾಪ್, ಪ್ರಿಂಟರ್ ನನ್ನದೇ ತರುತ್ತೇನೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ನನ್ನಂಥ ಸೈಬರ್ ಸೆಂಟರಿನವರು ಪ್ರತಿ ಹೋಬಳಿಯಲ್ಲೂ ಇದ್ದಾರೆ. ಕರೆದರೆ ಬಹಳ ಜನ ಬರುತ್ತಾರೆ. ಕರೆಯುವವರು ತಾವಾಗಬೇಕು.

ಉತ್ತರದ ನಿರೀಕ್ಷೆಯಲ್ಲಿ,

ಇಂತಿ ತಮ್ಮ ವಿಶ್ವಾಸಿ,
ಹೋಬಳಿ ಕೇಂದ್ರದ ಒಬ್ಬ ಸೈಬರ್ ಸೆಂಟರಿನವನು